ಓದುಗರ ಪ್ರಶ್ನೆ, ನಮ್ಮ ಉತ್ತರ: ಕಮರಿಗೆ ಇಳಿಯುವ ಮೊದಲು ಹತ್ತುವ ಲೆಕ್ಕ

ಅಮೆರಿಕದ ಅರಿಜೋನಾದಲ್ಲಿ ಮಕ್ಕಳಿರುವ ಕೊಡಗಿನ ಮನೆಗಳಿಂದ ಗ್ರ್ಯಾಂಡ್ ಕ್ಯಾನಿಯನ್ ಬಗ್ಗೆ ಹಲವು ಪತ್ರಗಳು ಬಂದಿವೆ. ಬೆಳಗ್ಗೆ ಇಳಿದು ಸಂಜೆಯೊಳಗೆ ಮೇಲೆ ಬರುವ ನಡಿಗೆಯ ಕುರಿತ ಪ್ರಶ್ನೆಗಳನ್ನಷ್ಟೇ ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಮಗಳ ಘಟಿಕೋತ್ಸವಕ್ಕೆ ಮೇ ಎರಡನೇ ವಾರ ಫೀನಿಕ್ಸ್‌ಗೆ ಹೊರಟಿದ್ದೇನೆ. ವಯಸ್ಸು 58. "ಪಪ್ಪಾ, ಒಂದೇ ದಿನದಲ್ಲಿ ನದಿವರೆಗೆ ಇಳಿದು ಬರೋಣ" ಎನ್ನುತ್ತಾಳೆ. ದಿನಾ ತೋಟ ಸುತ್ತುವವನು ನಾನು, ತಡಿಯಂಡಮೋಳ್ ಹತ್ತಿ ಇಳಿದವನು. ಆಗುತ್ತದೆಯೇ?
— ಕಾಫಿ ಬೆಳೆಗಾರರು, ಸುಂಟಿಕೊಪ್ಪ

ಉತ್ತರ: ನದಿಯವರೆಗೆ ಬೇಡ. ಒಂದೇ ದಿನದಲ್ಲಿ ನದಿಗೆ ಹೋಗಿ ಬರುವ ಸಾಹಸ ಮಾಡಬೇಡಿ ಎಂದು ಗ್ರ್ಯಾಂಡ್ ಕ್ಯಾನಿಯನ್ ರಾಷ್ಟ್ರೀಯ ಉದ್ಯಾನದವರೇ ಎಚ್ಚರಿಸುತ್ತಾರೆ, ಮೇಯಿಂದ ಸೆಪ್ಟೆಂಬರ್‌ವರೆಗೆ ಇನ್ನೂ ಒತ್ತಿ ಹೇಳುತ್ತಾರೆ. ನಿಮ್ಮ ಕಾಲಿನ ಶಕ್ತಿಯ ಮೇಲೆ ಅನುಮಾನವಿಲ್ಲ. ತೊಂದರೆ ಇರುವುದು ನಡಿಗೆಯ ಕ್ರಮದಲ್ಲಿ.

ತಡಿಯಂಡಮೋಳಿನಲ್ಲಿ ಬೆಳಗಿನ ತಂಪಿನಲ್ಲಿ, ತಾಜಾ ಕಾಲಿನಲ್ಲಿ ಹತ್ತುತ್ತೀರಿ. ಸುಸ್ತಾದರೆ ಅಲ್ಲಿಂದಲೇ ತಿರುಗಿದರಾಯಿತು, ಮುಂದೆ ಇರುವುದು ಇಳಿಜಾರು. ಕಮರಿಯಲ್ಲಿ ಇದು ಪೂರ್ತಿ ತಲೆಕೆಳಗು. ಮೊದಲು ಇಳಿಯುವುದರಿಂದ ಎಲ್ಲ ಹಗುರ ಎನಿಸುತ್ತದೆ, ಸುಸ್ತು ಗೊತ್ತಾಗುವ ಹೊತ್ತಿಗೆ ಅತ್ಯಂತ ಕೆಳಗೆ, ಅತ್ಯಂತ ಸೆಕೆಯ ಜಾಗದಲ್ಲಿ ನಿಂತಿರುತ್ತೀರಿ. ಹತ್ತುವುದೆಲ್ಲ ಬಾಕಿ, ಬಿಸಿಲು ನೆತ್ತಿಯ ಮೇಲೆ.

ಎತ್ತರದ ಲೆಕ್ಕವನ್ನು ಊರಿನ ಅಳತೆಯಲ್ಲೇ ಹಿಡಿಯೋಣ. ದಕ್ಷಿಣದ ಅಂಚಿನಲ್ಲಿ ಬ್ರೈಟ್ ಏಂಜೆಲ್ ಕಾಲುದಾರಿ ಶುರುವಾಗುವ ಜಾಗ ಸುಮಾರು 2,090 ಮೀಟರ್ ಎತ್ತರದಲ್ಲಿದೆ. ಅಂದರೆ 1,748 ಮೀಟರಿನ ತಡಿಯಂಡಮೋಳಿಗಿಂತ 340 ಮೀಟರ್ ಮೇಲೆ ಮೊದಲ ಹೆಜ್ಜೆ. ಒಂದೂವರೆ ಮೈಲಿಯ, ಅಂದರೆ 2.4 ಕಿ.ಮೀ. ದೂರದ ತಂಗುಮನೆ ಹೆಚ್ಚುಕಡಿಮೆ ತಡಿಯಂಡಮೋಳಿನ ತುದಿಯ ಮಟ್ಟದಲ್ಲಿದೆ. 7.2 ಕಿ.ಮೀ. ಇಳಿದು ಹವಸುಪಾಯ್ ಗಾರ್ಡನ್ಸ್ ತಲುಪಿದರೆ ಮಡಿಕೇರಿ ಪೇಟೆಯ ಎತ್ತರ. ಕೊಲೊರಾಡೊ ನದಿ ಸುಮಾರು 750 ಮೀಟರಿನಲ್ಲಿ ಹರಿಯುತ್ತದೆ, ಕುಶಾಲನಗರಕ್ಕಿಂತಲೂ ತಗ್ಗಿನಲ್ಲಿ. ಇಷ್ಟನ್ನೂ ಇಳಿದು, ಮತ್ತೆ 1,300 ಮೀಟರಿಗೂ ಹೆಚ್ಚು ಹತ್ತಬೇಕು.

ಸೆಕೆಯದ್ದು ಇನ್ನೊಂದು ಲೆಕ್ಕ. ಮೇ ತಿಂಗಳಲ್ಲಿ ಅಂಚಿನ ಮೇಲೆ ಹಗಲಿನ ಸರಾಸರಿ ಗರಿಷ್ಠ ತಾಪ 21 ಡಿಗ್ರಿ, ತಳದಲ್ಲಿ 33. ಜುಲೈಯಲ್ಲಿ ತಳದ ಸರಾಸರಿ 41ಕ್ಕೆ ಏರುತ್ತದೆ. ಇವು ನೆರಳಿನ ಅಂಕಿಗಳು. ದಾರಿಯಲ್ಲಿ ಮೇಲಿನಿಂದ ಬಿಸಿಲು, ಪಕ್ಕದಿಂದ ಕಾದ ಬಂಡೆಯ ಝಳ ಎರಡೂ ಬಡಿಯುತ್ತವೆ. ಮೇಲೆ ಸ್ವೆಟರ್ ಹಾಕಿಕೊಂಡು ಹೊರಟವರು ಕೆಳಗಿನ ಬಿಸಿಯನ್ನು ಊಹಿಸಲಾರದೆ ಮೋಸಹೋಗುತ್ತಾರೆ.

ನಿಮಗೆ ತಕ್ಕದ್ದು ಬ್ರೈಟ್ ಏಂಜೆಲ್‌ನ ಮೂರು ಮೈಲಿ ತಂಗುಮನೆ. 4.8 ಕಿ.ಮೀ. ದೂರ, 645 ಮೀಟರ್ ಇಳಿತ. ಅದೂ ಕಡಿಮೆಯ ದಾರಿಯೇನಲ್ಲ. ಮೇ ನಡುವೆ 5.20ರ ಸುಮಾರಿಗೆ ಸೂರ್ಯೋದಯ, ಆಗಲೇ ಇಳಿಯಲು ಶುರು ಮಾಡಿ. 6.15ಕ್ಕೆ ಮೊದಲ ತಂಗುಮನೆ, 7.15ಕ್ಕೆ ಎರಡನೆಯದು. ಕಾಲು ಗಂಟೆ ಕೂತು ತಿಂದು 7.30ಕ್ಕೆ ತಿರುಗಿ. ಇಳಿಯಲು ಹಿಡಿದ ಹೊತ್ತಿನ ಎರಡರಷ್ಟು ಹತ್ತಲು ಬೇಕು ಎಂದಿಟ್ಟುಕೊಂಡರೆ 9.30ರ ಹೊತ್ತಿಗೆ ಮತ್ತೆ ಮೊದಲ ತಂಗುಮನೆ, 11.30ರೊಳಗೆ ಮೇಲೆ. ಬೆಳಗಿನ 10ರಿಂದ ಸಂಜೆ 4ರವರೆಗೆ ಕಮರಿಯೊಳಗೆ ಬಿಸಿಲಿನಲ್ಲಿ ಹತ್ತುತ್ತಿರಬಾರದು ಎಂಬುದು ಉದ್ಯಾನದವರ ಸಲಹೆ. ಈ ಲೆಕ್ಕದಲ್ಲಿ ಕೊನೆಯ ಒಂದೂವರೆ ಗಂಟೆ 10ರಾಚೆ ಬಿದ್ದರೂ, ಆಗ ನೀವು ಮೊದಲ ತಂಗುಮನೆ ದಾಟಿ ತಂಪಿನ ಮೇಲ್ಭಾಗದಲ್ಲಿರುತ್ತೀರಿ.

ಮೊದಲ ತಂಗುಮನೆಗೆ ಬರಲು 6.45 ಆಗಿಬಿಟ್ಟರೆ ಅಲ್ಲಿಂದಲೇ ವಾಪಸು. ತಿರುಗುವ ಸಮಯವನ್ನು ಹಿಂದಿನ ರಾತ್ರಿ ಚೀಟಿಯಲ್ಲಿ ಬರೆದು ಮಗಳ ಕೈಗೆ ಕೊಡಿ. ಕೆಳಗೆ ನಿಂತು ಚರ್ಚೆ ಶುರುವಾದರೆ "ಇನ್ನೊಂದು ತಿರುವು ನೋಡೋಣ" ಎನ್ನುವವರೇ ಗೆಲ್ಲುತ್ತಾರೆ, ಆ ಒಂದು ತಿರುವಿಗೆ ಮೇಲಕ್ಕೆ ಬರುವಾಗ ಎರಡು ತಿರುವಿನ ಹೊತ್ತು ಕೊಡಬೇಕಾಗುತ್ತದೆ. ಭಾರತಕ್ಕೂ ಅರಿಜೋನಾಕ್ಕೂ ಹನ್ನೆರಡೂವರೆ ಗಂಟೆ ಅಂತರ, ಹಾಗಾಗಿ ವಿಮಾನ ಇಳಿದು ಕನಿಷ್ಠ ಮೂರ್ನಾಲ್ಕು ರಾತ್ರಿ ನಿದ್ದೆ ಸರಿಹೋದ ಮೇಲೆಯೇ ನಡಿಗೆ ಇಟ್ಟುಕೊಳ್ಳಿ. ಫೀನಿಕ್ಸ್‌ನಿಂದ ಸುಮಾರು ನಾಲ್ಕು ಗಂಟೆಯ ಕಾರಿನ ದಾರಿ. ಅದೇ ದಿನ ಹೊರಟು ಅದೇ ದಿನ ಇಳಿಯುವ ಯೋಚನೆ ಬೇಡ, ಹಿಂದಿನ ರಾತ್ರಿ ಅಂಚಿನ ಬಳಿಯೇ ತಂಗಿ.

ಪ್ರಶ್ನೆ: ಬ್ರೈಟ್ ಏಂಜೆಲ್, ಸೌತ್ ಕೈಬಾಬ್ ಎರಡರಲ್ಲಿ ಯಾವುದು ಒಳ್ಳೆಯದು? ಅನುಮತಿ ಬೇಕೇ?
— ವಿರಾಜಪೇಟೆ

ಉತ್ತರ: ಹಗಲು ನಡಿಗೆಗೆ ಪ್ರತ್ಯೇಕ ಅನುಮತಿ ಬೇಡ, ಉದ್ಯಾನದ ಪ್ರವೇಶ ಶುಲ್ಕ ಸಾಕು. ಕೆಳಗೆ ರಾತ್ರಿ ತಂಗುವುದಾದರೆ ಮಾತ್ರ ಮುಂಚಿತವಾಗಿ ಪರವಾನಗಿ ಪಡೆಯಬೇಕು.

ನೋಟಕ್ಕೆ ಸೌತ್ ಕೈಬಾಬ್ ಮೇಲು. ಅದು ಬೆಟ್ಟದ ಏಣಿನ ಮೇಲೆ ಸಾಗುವ ದಾರಿ, ಎರಡೂ ಕಡೆ ಕಮರಿ ತೆರೆದುಕೊಳ್ಳುತ್ತದೆ. ಅದೇ ಕಾರಣಕ್ಕೆ ನೆರಳಿಲ್ಲ, ಹನಿ ನೀರೂ ಸಿಗದು. 2.4 ಕಿ.ಮೀ. ದೂರದ ಸೀಡರ್ ರಿಡ್ಜ್‌ವರೆಗೆ ಹೋಗಿ ಬರುವುದು ಹೆಚ್ಚಿನವರಿಗೆ ಸಾಕು, ಬೇಸಿಗೆಯಲ್ಲಿ ಅದರಾಚೆ ಹಗಲು ನಡಿಗೆ ಮಾಡಬಾರದು. ತಂಪುಕಾಲದಲ್ಲಿ ಗಟ್ಟಿಗರು 4.8 ಕಿ.ಮೀ.ನ ಸ್ಕೆಲಿಟನ್ ಪಾಯಿಂಟ್‌ವರೆಗೂ ಹೋಗುತ್ತಾರೆ. ಆ ದಾರಿಯ ಬಾಯಿಗೆ ಸ್ವಂತ ಕಾರು ಬಿಡುವುದಿಲ್ಲ, ಉದ್ಯಾನದ ಉಚಿತ ಬಸ್ಸಿನಲ್ಲೇ ಹೋಗಬೇಕು. ನಸುಕಿನಲ್ಲಿ ನಡೆಯುವವರಿಗೆಂದೇ ಒಂದು ಬಸ್ ಇದೆ, ಅದರ ವೇಳೆ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ.

ಮೊದಲ ಸಲದವರಿಗೆ ನಮ್ಮ ಶಿಫಾರಸು ಬ್ರೈಟ್ ಏಂಜೆಲ್. ಬೆಳಗಿನ ಹೊತ್ತು ಗೋಡೆಯ ನೆರಳು ಅಲ್ಲಲ್ಲಿ ಸಿಗುತ್ತದೆ, ತಂಗುಮನೆಗಳಿವೆ, ಶೌಚಾಲಯವಿದೆ, ಬೇಸಿಗೆಯಲ್ಲಿ ಕುಡಿಯುವ ನೀರಿನ ನಲ್ಲಿಗಳೂ ಇರುತ್ತವೆ. ಆದರೆ ನಲ್ಲಿಯನ್ನೇ ನಂಬಿ ಬಾಟಲಿ ಖಾಲಿ ಒಯ್ಯಬೇಡಿ. ಕಮರಿಯ ಅಡ್ಡಕ್ಕೆ ಹಾಕಿದ ಹಳೆಯ ನೀರಿನ ಪೈಪು ಆಗಾಗ ಒಡೆಯುತ್ತದೆ, ದುರಸ್ತಿಗೆಂದು ನೀರೂ ನಿಲ್ಲುತ್ತದೆ, ದಾರಿಯ ಕೆಲ ಭಾಗಗಳನ್ನು ಮುಚ್ಚುವುದೂ ಉಂಟು. ಹಿಂದಿನ ಸಂಜೆ ನ್ಯಾಷನಲ್ ಪಾರ್ಕ್ ಸರ್ವಿಸ್ ಜಾಲತಾಣದಲ್ಲಿ ಅಂದಿನ ಸ್ಥಿತಿ ನೋಡಿಕೊಳ್ಳಿ.

ಎರಡೂ ದಾರಿಗಳಲ್ಲಿ ಹೇಸರಗತ್ತೆಗಳು ಎದುರಾಗುತ್ತವೆ. ದಾರಿ ಅವುಗಳದ್ದು. ಬೆಟ್ಟದ ಗೋಡೆಯ ಕಡೆ ಸರಿದು, ಸದ್ದಿಲ್ಲದೆ ನಿಂತು, ನಡೆಸುವವರು ಹೇಳಿದಂತೆ ಕೇಳಿ. ಪ್ರಪಾತದ ಕಡೆ ಯಾವತ್ತೂ ನಿಲ್ಲಬೇಡಿ.

ಪ್ರಶ್ನೆ: ನೀರು ಎಷ್ಟು ಒಯ್ಯಬೇಕು? ಅಲ್ಲಿ ಸಾಧ್ಯವಾದಷ್ಟು ಕುಡಿಯುತ್ತಲೇ ಇರಬೇಕು ಎಂದು ಅಕ್ಕನ ಮಗ ಹೇಳುತ್ತಾನೆ.
— ಗೃಹಿಣಿ, ಮಡಿಕೇರಿ

ಉತ್ತರ: ಅಕ್ಕನ ಮಗನ ಮಾತಿನಲ್ಲಿ ಅರ್ಧ ಸರಿ, ಉಳಿದರ್ಧ ಅಪಾಯ.

ಬಿಸಿಲಿನಲ್ಲಿ ನಡೆಯುವಾಗ ಗಂಟೆಗೆ ಅರ್ಧದಿಂದ ಒಂದು ಲೀಟರ್ ಬೇಕಾಗುತ್ತದೆ. ಆರು ಗಂಟೆಯ ನಡಿಗೆಗೆ ತಲೆಗೆ ನಾಲ್ಕು ಲೀಟರ್ ಎಂದು ಹಿಡಿಯಿರಿ. ಅದರ ತೂಕವೇ ನಾಲ್ಕು ಕೆ.ಜಿ. ಕೊಡಗಿನಲ್ಲಿ ನಡೆದರೆ ಅಂಗಿ ಬೆನ್ನಿಗೆ ಅಂಟುತ್ತದೆ, ಬೆವರಿದ್ದು ಕಾಣುತ್ತದೆ. ಮರುಭೂಮಿಯ ಗಾಳಿ ಬೆವರನ್ನು ಚರ್ಮದ ಮೇಲೆಯೇ ಹೀರಿಬಿಡುತ್ತದೆ. "ನಾನು ಬೆವರೇ ಇಲ್ಲ" ಎನ್ನುವವರ ಟೋಪಿಯ ಪಟ್ಟಿ ನೋಡಿ: ಬಿಳಿ ಬಿಳಿ ಗೆರೆ ಎದ್ದಿರುತ್ತದೆ, ಬೆರಳಿನಿಂದ ಉಜ್ಜಿದರೆ ಪುಡಿ ಉದುರುತ್ತದೆ. ಅದು ಮೈಯಿಂದ ಹೋದ ಉಪ್ಪು.

ಅಪಾಯ ಇರುವುದು ಆ ಉಪ್ಪಿನಲ್ಲೇ. ಬೆವರಿನಲ್ಲಿ ಉಪ್ಪು ಹೋಗುತ್ತಿದೆ, ನೀವು ಬರೀ ನೀರನ್ನು ಗಂಟೆಗಟ್ಟಲೆ ಸುರಿದುಕೊಳ್ಳುತ್ತಿದ್ದೀರಿ. ಆಗ ರಕ್ತದಲ್ಲಿ ಸೋಡಿಯಂ ತೆಳುವಾಗುತ್ತದೆ. ಹೊಟ್ಟೆ ತೊಳಸುವುದು, ವಾಂತಿ, ತಲೆನೋವು, ಮುಂದೆ ಗೊಂದಲ, ಕೊನೆಗೆ ಫಿಟ್ಸ್. ಸೆಕೆಯಿಂದ ಬಳಲಿದವರಿಗೂ ಹೀಗೇ ಆಗುವುದರಿಂದ ಜೊತೆಯವರು ಇನ್ನಷ್ಟು ನೀರು ಕುಡಿಸಿಬಿಡುತ್ತಾರೆ, ಸ್ಥಿತಿ ಕೆಡುತ್ತದೆ. ಕೇಳಬೇಕಾದ ಪ್ರಶ್ನೆ ಎರಡು: ಬೆಳಗಿನಿಂದ ಏನಾದರೂ ತಿಂದಿದ್ದಾರೆಯೇ, ಮೂತ್ರ ಹೇಗೆ ಹೋಗುತ್ತಿದೆ? ಏನೂ ತಿನ್ನದೆ ಲೀಟರುಗಟ್ಟಲೆ ಕುಡಿದು, ಮೂತ್ರ ನೀರಿನ ಹಾಗೆ ಪದೇ ಪದೇ ಹೋಗುತ್ತಿದ್ದರೆ ನೀರು ನಿಲ್ಲಿಸಿ, ಎಚ್ಚರವಾಗಿದ್ದರೆ ಉಪ್ಪಿನ ತಿಂಡಿ ಕೊಡಿ. ಮಾತು ತೊದಲಿದರೆ ತಡಮಾಡದೆ ನೆರವು ಕರೆಯಿರಿ.

ನಾಲ್ಕು ಬಾಟಲಿಗಳಲ್ಲಿ ಎರಡಕ್ಕೆ ಓಆರ್‌ಎಸ್ ಬೆರೆಸಿ, ಎರಡರಲ್ಲಿ ಬರೀ ನೀರಿರಲಿ. ಔಷಧಿ ಅಂಗಡಿಯಲ್ಲಿ ಡಬ್ಲ್ಯುಎಚ್‌ಒ ಸೂತ್ರ ಎಂದು ಮುದ್ರಿಸಿರುವ ಪೊಟ್ಟಣವನ್ನೇ ಕೇಳಿ. ಆ ಸೂತ್ರದಲ್ಲಿ ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್ ಇರುತ್ತದೆ. ದೊಡ್ಡ ಪೊಟ್ಟಣ ಒಂದು ಲೀಟರಿಗೆ, ಚಿಕ್ಕದು 200 ಮಿ.ಲೀ.ಗೆ. ದೊಡ್ಡದನ್ನು ಅರ್ಧ ಲೀಟರಿಗೆ ಹಾಕಿ ಗಟ್ಟಿ ಮಾಡಿಕೊಂಡರೆ ಹೊಟ್ಟೆ ಕೆಡುತ್ತದೆ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ಕೊಳವೆಯಲ್ಲಿ ಹೀರುವ ನೀರಿನ ಚೀಲ ಕೊಳ್ಳುವವರು ಎರಡು ವಿಷಯ ನೋಡಿ. ಬೆನ್ನ ಹಿಂದೆ ಎಷ್ಟು ಉಳಿದಿದೆ ಎಂದು ಅದರಲ್ಲಿ ಕಾಣುವುದಿಲ್ಲ, ಬಾಯಿಯ ಬಿರಡೆ ಒತ್ತಿಕೊಂಡರೆ ಗೊತ್ತಾಗದಂತೆ ಸೋರುತ್ತದೆ. ಹಿಂದಿನ ರಾತ್ರಿ ತುಂಬಿ, ಮೇಲೆ ಭಾರ ಇಟ್ಟು, ಬೆಳಗ್ಗೆ ಕೆಳಗೆ ಹಾಸಿದ ಬಟ್ಟೆ ಒದ್ದೆಯಾಗಿದೆಯೇ ನೋಡಿ. ಚೀಲ ಇದ್ದರೂ ಒಂದು ಬಾಟಲಿ ಬೇರೆಯಾಗಿ ಇರಲೇಬೇಕು. ಒಟ್ಟು ನೀರಿನ ಮೂರನೇ ಒಂದು ಪಾಲು ಮುಗಿಯಿತೆಂದರೆ, ಗಡಿಯಾರ ಏನೇ ಹೇಳಲಿ, ತಿರುಗಿ.

ಪ್ರಶ್ನೆ: ಎರಡು ತಿಂಗಳು ಸಮಯವಿದೆ. ಕೊಡಗಿನಲ್ಲೇ ತಯಾರಿ ಹೇಗೆ? ಮಳೆಗಾಲದ ಶೂ ಸಾಕೇ?
— ಕಾಲೇಜು ವಿದ್ಯಾರ್ಥಿನಿ, ಸೋಮವಾರಪೇಟೆ

ಉತ್ತರ: ಇಳಿಯುವುದನ್ನು ಅಭ್ಯಾಸ ಮಾಡಿ. ಹತ್ತಿ ಹತ್ತಿ ಶ್ವಾಸ ಗಟ್ಟಿಯಾದವರಿಗೂ ಉದ್ದದ ಇಳಿಜಾರು ತೊಡೆಯನ್ನು ಹಿಂಡುತ್ತದೆ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಮೈಭಾರ ತಡೆದುಕೊಂಡೇ ಉದ್ದವಾಗುತ್ತಿರುತ್ತದೆ. ಅಭ್ಯಾಸವಿಲ್ಲದ ಸ್ನಾಯು ಹಾಗೆ ಎಳೆದಾಗ ನಡುಗಲು ಶುರುವಾಗುತ್ತದೆ, ಮರುದಿನ ಮೆಟ್ಟಿಲು ಇಳಿಯಲೂ ಆಗದು.

ತಲಕಾವೇರಿಯಿಂದ ಭಾಗಮಂಡಲಕ್ಕೆ ಎಂಟು ಕಿ.ಮೀ. ರಸ್ತೆ ಇದಕ್ಕೆ ಹೇಳಿ ಮಾಡಿಸಿದ್ದು. ಬಸ್ಸಿನಲ್ಲಿ ಮೇಲೆ ಹೋಗಿ, ನಡೆದು ಇಳಿದು, ಅದೇ ದಾರಿಯಲ್ಲಿ ಮತ್ತೆ ಹತ್ತಿ. ಕ್ರಮ ಕಮರಿಯದ್ದೇ: ಮೊದಲು ಇಳಿತ, ದಣಿದ ಮೇಲೆ ಏರು. ಮೊದಲ ಸಲ ಅರ್ಧ ದಾರಿ ಇಳಿದು ವಾಪಸು ಬನ್ನಿ. ತಿರುವುಗಳಲ್ಲಿ ವಾಹನಗಳ ಬಗ್ಗೆ ಎಚ್ಚರ, ಎದುರು ಬರುವ ಗಾಡಿ ಕಾಣುವ ಬದಿಯಲ್ಲೇ ನಡೆಯಿರಿ. ವಾರದ ನಡುವೆ ಎರಡು ದಿನ ತೋಟದ ಇಳಿಜಾರಿನಲ್ಲಿ ಮುಕ್ಕಾಲು ಗಂಟೆ ಸಾಕು. ಬೆನ್ನಚೀಲದಲ್ಲಿ ಮೊದಲ ಎರಡು ವಾರ ಮೂರು ಕೆ.ಜಿ., ಆಮೇಲೆ ಏರಿಸುತ್ತಾ ಆರು ಕೆ.ಜಿ.ವರೆಗೆ. ಭಾರಕ್ಕೆ ನೀರಿನ ಬಾಟಲಿಗಳನ್ನೇ ಇಡಿ, ಮಂಡಿ ನೊಂದರೆ ಚೆಲ್ಲಿ ಹಗುರ ಮಾಡಿಕೊಳ್ಳಬಹುದು. ತಡಿಯಂಡಮೋಳ್, ಬ್ರಹ್ಮಗಿರಿಗೆ ಹೋಗುವುದಾದರೆ ಅರಣ್ಯ ಇಲಾಖೆಯ ಅನುಮತಿ ಪಡೆದೇ ಹೋಗಿ. ಹೊರಡುವ ಮುಂಚಿನ ವಾರ ಕಾಲಿಗೆ ವಿಶ್ರಾಂತಿ.

ಶೂ: ಗಂಬೂಟು ಬೇಡವೇ ಬೇಡ. ಜಿಗಣೆ ಕಾಲುಚೀಲವೂ ಬೇಡ, ಅದು ಬಿಸಿ ಹಿಡಿದಿಡುತ್ತದೆ. ಅರ್ಧ ಸೈಜು ದೊಡ್ಡದಾದ, ಆಗಲೇ ಐವತ್ತು ಅರವತ್ತು ಕಿ.ಮೀ. ನಡೆದು ಪಳಗಿದ ಶೂ ಇರಲಿ. ಇಳಿಯುವಾಗ ಪಾದ ಮುಂದಕ್ಕೆ ಜಾರಿ ಹೆಬ್ಬೆರಳು ತುದಿಗೆ ಬಡಿದು ಉಗುರು ಕಪ್ಪಾಗುತ್ತದೆ. ಇದನ್ನು ತಪ್ಪಿಸಲು ಲೇಸನ್ನು ಪಾದದ ಮೇಲೆ ಸಡಿಲವಾಗಿ, ಕಣಕಾಲಿನ ಬಳಿಯ ಕೊನೆಯ ಎರಡು ತೂತುಗಳಲ್ಲಿ ಬಿಗಿಯಾಗಿ ಕಟ್ಟಿ, ಹಿಮ್ಮಡಿ ಎದ್ದು ಜಾರದಂತೆ. ಉಗುರನ್ನು ಎರಡು ದಿನ ಮುಂಚೆಯೇ ಕತ್ತರಿಸಿ. ಪಾದದಲ್ಲಿ ಎಲ್ಲಾದರೂ ಬಿಸಿ ಉಜ್ಜಿದಂತೆ ಅನಿಸಿದ ಕೂಡಲೇ ನಿಂತು ಟೇಪು ಹಚ್ಚಿ. ಬೊಬ್ಬೆ ಎದ್ದ ಮೇಲೆ ಹಚ್ಚಿ ಪ್ರಯೋಜನವಿಲ್ಲ.

ಎರಡು ನಡಿಗೆ ಕೋಲು ಇದ್ದರೆ ಮಂಡಿಗೆ ಬಹಳ ಅನುಕೂಲ. ಇಳಿಯುವಾಗ ಒಂದಿಷ್ಟು ಉದ್ದ, ಹತ್ತುವಾಗ ಗಿಡ್ಡ ಮಾಡಿಕೊಳ್ಳಿ. ವಿಮಾನದಲ್ಲಿ ಕೈಚೀಲಕ್ಕೆ ಬಿಡುವುದಿಲ್ಲ, ದೊಡ್ಡ ಪೆಟ್ಟಿಗೆಯಲ್ಲಿ ಹಾಕಿ.

ಪ್ರಶ್ನೆ: ಪಂದಿ ಉಪ್ಪಿನಕಾಯಿ, ಅಕ್ಕಿ ರೊಟ್ಟಿ ಕಟ್ಟಿಕೊಂಡು ಹೋಗಬಹುದೇ?
— ಗೋಣಿಕೊಪ್ಪಲು

ಉತ್ತರ: ಪಂದಿ ಉಪ್ಪಿನಕಾಯಿ ಊರಲ್ಲೇ ಇರಲಿ. ಭಾರತದಿಂದ ಹಂದಿ ಮಾಂಸವನ್ನು, ಒಣಗಿಸಿದ್ದಾದರೂ ಉಪ್ಪಿನಕಾಯಿಯಾದರೂ, ಅಮೆರಿಕದ ಕಸ್ಟಮ್ಸ್‌ನವರು ಒಳಗೆ ಬಿಡುವುದಿಲ್ಲ. ಕೊಡಗಿನ ಕಿತ್ತಳೆಯೂ ಹಾಗೆಯೇ. ಹುರಿದ ಕಾಫಿ ಪುಡಿ, ಚಕ್ಕುಲಿ, ಮಾವಿನಕಾಯಿ ಉಪ್ಪಿನಕಾಯಿ ಒಯ್ಯಬಹುದು, ಆದರೆ ತಿನ್ನುವ ಪದಾರ್ಥ ಇದೆ ಎಂದು ಘೋಷಿಸಲೇಬೇಕು. ಮುಚ್ಚಿಟ್ಟರೆ ದಂಡ.

ಅಕ್ಕಿ ರೊಟ್ಟಿ ಆ ಒಣ ಗಾಳಿಗೆ ಎರಡು ಗಂಟೆಯಲ್ಲಿ ಗಟ್ಟಿಯಾಗಿ ಮುರಿಯುತ್ತದೆ. ತುಪ್ಪ ಸವರಿ ಉಪ್ಪಿನಕಾಯಿ ಸುತ್ತಿದ ಚಪಾತಿ ತಡೆಯುತ್ತದೆ. ಒಬ್ಬರಿಗೆ ಎರಡು ಚಪಾತಿ, 200 ಗ್ರಾಂ ಉಪ್ಪು ಹಚ್ಚಿದ ಕಡಲೆಬೀಜ, 150 ಗ್ರಾಂ ಚಕ್ಕುಲಿ ಅಥವಾ ಕೋಡುಬಳೆ, ನಾಲ್ಕು ಚಿಕ್ಕಿ. ಸೆಕೆಯಲ್ಲಿ ಹಸಿವು ಸತ್ತುಹೋಗುತ್ತದೆ, ಅದಕ್ಕೇ ಮುಕ್ಕಾಲು ಗಂಟೆಗೊಮ್ಮೆ ಒಂದು ಹಿಡಿ ಎಂದು ನಿಯಮ ಮಾಡಿಕೊಂಡು ತಿನ್ನಿ. ತಂಗುಮನೆಯ ಅಳಿಲುಗಳು ಚೀಲದ ಜಿಪ್ಪು ಕಡಿದು ಒಳಗೆ ನುಗ್ಗುತ್ತವೆ, ಬೆರಳನ್ನೂ ಕಚ್ಚುತ್ತವೆ. ಒಂದು ಕಾಳೂ ಹಾಕಬೇಡಿ. ಸಿಪ್ಪೆಯೂ ಸೇರಿ ಕಸವೆಲ್ಲ ನಿಮ್ಮ ಜೊತೆ ಮೇಲೆ ಬರಬೇಕು.

ಪ್ರಶ್ನೆ: ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತೇನೆ, ಹೆಂಡತಿಗೆ ಸಕ್ಕರೆ ಕಾಯಿಲೆ. ಇಳಿಯಬಹುದೇ?
— ನಿವೃತ್ತ ಶಿಕ್ಷಕರು, ಕುಶಾಲನಗರ

ಉತ್ತರ: ವೈದ್ಯರ ಹತ್ತಿರ ಮಾತ್ರೆಯ ಚೀಟಿ ಹಿಡಿದು ಹೋಗಿ, "ಸೆಕೆಯಲ್ಲಿ ಐದಾರು ಗಂಟೆ ಏರು ಹತ್ತಬೇಕು" ಎಂದು ಇಷ್ಟನ್ನೂ ಬಿಡಿಸಿ ಹೇಳಿ. ಬಿ.ಪಿ.ಗೆ ಕೊಡುವ ಕೆಲವು ಮಾತ್ರೆಗಳು ಮೂತ್ರ ಹೆಚ್ಚಿಸಿ ನೀರನ್ನೂ ಉಪ್ಪನ್ನೂ ಹೊರಹಾಕುತ್ತವೆ, ಇನ್ನು ಕೆಲವು ಹೃದಯದ ಬಡಿತ ಏರದಂತೆ ತಡೆಯುತ್ತವೆ. ಓಆರ್‌ಎಸ್‌ನ ಉಪ್ಪು ನಿಮಗೆ ಎಷ್ಟು ಸರಿ ಎಂಬುದನ್ನೂ ಅವರೇ ಹೇಳಬೇಕು. ಮಾತ್ರೆಯನ್ನು ನೀವಾಗಿಯೇ ಬಿಡಬೇಡಿ. ಇನ್ಸುಲಿನ್ ಇದ್ದರೆ 30 ಡಿಗ್ರಿ ದಾಟದಂತೆ ಚೀಲದ ನಡುವೆ, ತಂಪು ಪೌಚಿನಲ್ಲಿ ಇರಬೇಕು, ಸಕ್ಕರೆ ಇಳಿದರೆ ತಕ್ಷಣ ಬಾಯಿಗೆ ಹಾಕಲು ಗ್ಲೂಕೋಸ್ ಜೇಬಿನಲ್ಲಿರಬೇಕು. ಪ್ರಯಾಣ ವಿಮೆಯಲ್ಲಿ ಬೆಟ್ಟದ ನಡಿಗೆ, ಹೆಲಿಕಾಪ್ಟರ್ ರಕ್ಷಣೆ ಎರಡೂ ಸೇರಿವೆಯೇ ಎಂದು ಓದಿ ನೋಡಿ. ವೈದ್ಯರು ಬೇಡವೆಂದರೆ ಅಂಚಿನುದ್ದಕ್ಕೂ ಹೆಚ್ಚುಕಡಿಮೆ ಸಮತಟ್ಟಾದ, ಬಹುಪಾಲು ಡಾಂಬರು ಹಾಕಿದ ದಾರಿಯಿದೆ. ಅಲ್ಲಿಂದ ಕಾಣುವ ಕಮರಿ ಏನೂ ಕಡಿಮೆಯದಲ್ಲ.

ಪ್ರಶ್ನೆ: ಜನವರಿಯಲ್ಲಿ ಹೋದರೆ ಸೆಕೆಯ ತಾಪತ್ರಯವಿಲ್ಲ ಅಲ್ಲವೇ?
— ನಾಪೋಕ್ಲು

ಉತ್ತರ: ಸೆಕೆ ಇಲ್ಲ, ಮಂಜುಗಡ್ಡೆ ಇದೆ. ದಾರಿಯ ಮೇಲ್ಭಾಗ ಬಿಸಿಲು ಬೀಳದ ಗೋಡೆಯಲ್ಲಿರುವುದರಿಂದ ಹಿಮ ತುಳಿದು ತುಳಿದು ಗಾಜಿನಂತೆ ನುಣುಪಾಗಿರುತ್ತದೆ. ಶೂ ಅಡಿಗೆ ಸಿಕ್ಕಿಸುವ ಕಬ್ಬಿಣದ ಹಲ್ಲಿನ ಪಟ್ಟಿ ಅಂಚಿನ ಅಂಗಡಿಗಳಲ್ಲೇ ಸಿಗುತ್ತದೆ, ಅದಿಲ್ಲದೆ ಇಳಿಯಬೇಡಿ. ಆ ಕಾಲದಲ್ಲಿ ಹತ್ತಿ ಬಟ್ಟೆಯೂ ಬೇಡ, ಒದ್ದೆಯಾದರೆ ಚಳಿ ಮೈಗೇರುತ್ತದೆ. ತಿಂಗಳು ಆರಿಸುವ ಅವಕಾಶವಿದ್ದರೆ ಅಕ್ಟೋಬರ್ ಅಥವಾ ಏಪ್ರಿಲ್. ಜುಲೈಯಿಂದ ಸೆಪ್ಟೆಂಬರ್ ನಡುವರೆಗೆ ಅಲ್ಲಿಯೂ ಮಳೆಗಾಲ, ಮಧ್ಯಾಹ್ನ ಸಿಡಿಲು, ಹಠಾತ್ ಪ್ರವಾಹ.

ಪ್ರಶ್ನೆ: ಅಮೆರಿಕದ ಖರ್ಚು ನಮ್ಮಿಂದಾಗದು. ಹತ್ತಿರದಲ್ಲಿ ಇಂಥ ಜಾಗ ಇದೆಯೇ?
— ಸ್ನೇಹಿತರ ಗುಂಪು, ಪೊನ್ನಂಪೇಟೆ

ಉತ್ತರ: ಆಂಧ್ರದ ಕಡಪ ಜಿಲ್ಲೆಯ ಗಂಡಿಕೋಟ. ಪೆನ್ನಾ ನದಿ ಎರ್ರಮಲ ಬೆಟ್ಟಗಳನ್ನು ಸೀಳಿದ ಕೆಂಪು ಬಂಡೆಯ ಕಮರಿ, ಪಕ್ಕದಲ್ಲೇ ಹಳೆಯ ಕೋಟೆ. ಹತ್ತಿರದ ಪೇಟೆ ಜಮ್ಮಲಮಡುಗು. ಆಳ ನೂರು ಮೀಟರಿನೊಳಗೇ ಆದರೂ ಹಗುರಾಗಿ ತೆಗೆದುಕೊಳ್ಳಬೇಡಿ. ಗ್ರ್ಯಾಂಡ್ ಕ್ಯಾನಿಯನ್‌ನಲ್ಲಿರುವುದು ಕಡಿದು ಕಾಪಾಡಿದ ದಾರಿ, ಇಲ್ಲಿ ಇರುವುದು ಬಂಡೆಯಿಂದ ಬಂಡೆಗೆ ಕೈಯೂರಿ ಇಳಿಯುವ ಜಾಡು. ಇಳಿಯುವಾಗ ಸುಲಭವಾಗಿ ಕಂಡ ಸಂದು ಹತ್ತುವಾಗ ಗುರುತು ಸಿಗುವುದಿಲ್ಲ. ಪ್ರತಿ ತಿರುವಿನಲ್ಲೂ ಹಿಂತಿರುಗಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ, ಊರಿನವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಕಮರಿಯ ಮೇಲೂ ಕೆಳಗೂ ಜಲಾಶಯಗಳಿವೆ, ನೀರಿನ ಮಟ್ಟ ಬದಲಾಗುತ್ತದೆ, ಈಜಲು ಇಳಿಯಬೇಡಿ. ನವೆಂಬರ್‌ನಿಂದ ಜನವರಿ ಒಳ್ಳೆಯ ಕಾಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ.

ಪ್ರಶ್ನೆ: ಜೊತೆಯವರೊಬ್ಬರು ಅರ್ಧ ದಾರಿಯಲ್ಲಿ "ಇನ್ನು ಆಗದು" ಎಂದು ಕೂತರೆ?
— ಶನಿವಾರಸಂತೆ

ಉತ್ತರ: ಬರೀ ಸುಸ್ತಾಗಿದ್ದರೆ ನೆರಳಿನಲ್ಲಿ ಕೂರಿಸಿ, ಕಾಲನ್ನು ಮೇಲಕ್ಕಿಟ್ಟು, ಉಪ್ಪಿನ ತಿಂಡಿ, ಓಆರ್‌ಎಸ್ ಗುಟುಕು ಗುಟುಕಾಗಿ ಕೊಡಿ. ಅರ್ಧ ಗಂಟೆ, ಬೇಕಾದರೆ ಒಂದು ಗಂಟೆ ಕಾಯಿರಿ. ಅಂಗಿ, ಟೋಪಿ, ಕತ್ತಿನ ಬಟ್ಟೆ ನೀರಿನಲ್ಲಿ ಅದ್ದಿ ಹಾಕಿಸಿ. ಆ ಒಣ ಗಾಳಿಯಲ್ಲಿ ಒದ್ದೆ ಬಟ್ಟೆ ಆರುತ್ತಾ ಮೈಯ ಬಿಸಿ ಎಳೆಯುತ್ತದೆ, ಬೇಸಿಗೆಗೆ ಹತ್ತಿ ಅಂಗಿಯೇ ವಾಸಿ ಎನ್ನುವುದು ಇದಕ್ಕೇ. ಬಿಸಿಲು ಜೋರಿದ್ದರೆ ಸಂಜೆ 4ರವರೆಗೆ ನೆರಳಿನಲ್ಲೇ ಉಳಿದು, ಆಮೇಲೆ ಹತ್ತು ನಿಮಿಷ ನಡಿಗೆ, ಎರಡು ನಿಮಿಷ ನಿಲುಗಡೆಯ ಲೆಕ್ಕದಲ್ಲಿ ಹತ್ತಿಸಿ. ಕತ್ತಲಾಗಬಹುದು. ಆದ್ದರಿಂದ ಹಗಲು ನಡಿಗೆಗೂ ತಲೆಗೆ ಕಟ್ಟುವ ಟಾರ್ಚು ತಲೆಗೊಂದು ಇರಲಿ, ಮೊಬೈಲಿನ ಬೆಳಕನ್ನು ನೆಚ್ಚಬೇಡಿ.

ತಡವರಿಸುವುದು, ಸಂಬಂಧವಿಲ್ಲದ ಮಾತು, ಹೆಜ್ಜೆ ತಪ್ಪುವುದು ಕಂಡರೆ ಅದು ಸುಸ್ತಲ್ಲ, ಜೀವಕ್ಕೆ ಅಪಾಯ. ಮೈಮೇಲೆ ನೀರು ಸುರಿದು ಬೀಸುತ್ತಲೇ ಇರಿ, ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ. ಮೊಬೈಲ್ ಸಿಗ್ನಲ್ ಇದ್ದರೆ ಅಮೆರಿಕದ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ. ಕಮರಿಯೊಳಗೆ ಸಾಮಾನ್ಯವಾಗಿ ಸಿಗುವುದಿಲ್ಲ, ಬ್ರೈಟ್ ಏಂಜೆಲ್ ದಾರಿಯಲ್ಲಿ ಕೆಲವೆಡೆ ತುರ್ತು ಫೋನುಗಳಿವೆ, ಇಳಿಯುವಾಗಲೇ ಎಲ್ಲಿವೆ ಎಂದು ನೋಡಿಟ್ಟುಕೊಳ್ಳಿ. ಒಬ್ಬರು ರೋಗಿಯ ಬಳಿ ಉಳಿದು ಇನ್ನೊಬ್ಬರು ಹೋಗಿ ಕರೆ ಮಾಡಬೇಕು. ಹೋಗುವವರ ಕೈಯಲ್ಲಿ ಚೀಟಿ ಇರಲಿ: ಎಲ್ಲಿದ್ದಾರೆ, ವಯಸ್ಸು, ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ, ಎಷ್ಟು ಹೊತ್ತಿನಿಂದ ಹೀಗಾಗಿದೆ, ಎಷ್ಟು ನೀರು ಕುಡಿದಿದ್ದಾರೆ, ಏನು ತಿಂದಿದ್ದಾರೆ.